ಕ್ರೋಯಿಸ್ಸಾಂಟಿನ ಟಕಾರಕ್ಕೆ ಮರುನೇಮಕ

ಪ್ರೀತಿಯ ಅಕ್ಕನಿಗೆ,

ಸಮಸ್ತ ಓದುಗ ಮಹಾಜನರಿಗೆ, ಹೋಟೆಲು ಉದ್ಯಮದ ಸಕಲ ಪದಾಧಿಕಾರಿಗಳಿಗೆ ಹಾಗೂ ವಿಶೇಷವಾಗಿ ನಿನಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಕ್ರೋಯಿಸ್ಸಾಂಟು ಎಂಬ ತಿನಿಸಿನ ಕೊನೆಯಲ್ಲಿ ಬರುವ ‘ಟ’ ಎಂಬ ಅಕ್ಷರವನ್ನು ಹದಿನಾಲ್ಕು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ವಿಚಾರಣೆ ನಡೆಸದೆ, ನೋಟಿಸು ಕೊಡದೆ, ಸೇವೆಯಿಂದ ವಜಾ ಮಾಡಲಾಗಿತ್ತು. ಸದರಿ ಆದೇಶವನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಸದರಿ ‘ಟ’ವನ್ನು ಸೇವಾ ಹಿರಿತನದ ಸಮೇತ ಮರುನೇಮಕ ಮಾಡಿಕೊಳ್ಳಲಾಗಿದೆ. ಅದರ ಜೊತೆಯಲ್ಲೇ ಕೆಲಸ ಕಳೆದುಕೊಂಡಿದ್ದ ‘ರೋ’ ಮತ್ತು ‘ಯಿ’ಗಳು ಕೂಡ ನಾಳೆ ಬೆಳಿಗ್ಗೆ ಹಾಜರಾಗತಕ್ಕದ್ದು.

ಇಷ್ಟು ಓದುವಷ್ಟರಲ್ಲಿ ನೀನು ಪತ್ರಿಕೆಯನ್ನು ಮಡಚಿ ಕಪಾಟಿನ ಡಬ್ಬಿಗಳ ಕೆಳಗೆ ಹಾಸಲು ಹೊರಟಿರುತ್ತೀಯ. ಸ್ವಲ್ಪ ತಡಿ ಮಾರಾಯ್ತಿ. ನಿನಗೆ ಬರೆದ ಮೂರು ಕಾಗದಗಳೂ ಒಡೆಯದೆಯೇ ವಾಪಸ್ ಬಂದವು. ಫೋನು ಮಾಡಿದರೆ ನಿಮ್ಮತ್ತೆ ಎತ್ತುತ್ತಾರೆ. ಆದರೆ ಈ ಪತ್ರಿಕೆ ಪ್ರತಿ ಭಾನುವಾರ ನಿನ್ನ ಮನೆಯೊಳಗೆ ಬಂದೇ ಬರುತ್ತದೆ, ಏಕೆಂದರೆ ನಿಮ್ಮತ್ತೆಗೆ ಪದಬಂಧ ಬೇಕು. ಅವರಿಗೆ ಕಣ್ಣಿನ ಆಪರೇಷನ್ ಆಗಿರುವುದರಿಂದ ಅದನ್ನು ನೀನೇ ಓದಿ ಹೇಳಬೇಕು. ಪದಬಂಧ ಇರುವುದು ನನ್ನ ಅಂಕಣದ ಪಕ್ಕದಲ್ಲಿ. ಈಗ ಗೊತ್ತಾಯಿತಲ್ಲ, ನಿನ್ನನ್ನು ಹಿಡಿಯಲು ನಾನು ಎಲ್ಲಿ ಕಾದು ಕುಳಿತಿದ್ದೇನೆ ಎಂದು.

ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ ಉಳಿದ ಓದುಗರ ಸಲುವಾಗಿ ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳಬೇಕಾಗಿದೆ. ಸಹಿಸಿಕೋ. ನೀನು ಊರಿನ ದೊಡ್ಡ ಹೋಟೆಲಿನ ಬೇಕರಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಹಿಟ್ಟು ಕಲಸುತ್ತಿದ್ದೀಯ. ಹಿಂದಿನ ಮುಖ್ಯಸ್ಥರು ನಿವೃತ್ತರಾದ ಮೇಲೆ, ಮೂರು ವರ್ಷದಿಂದ ಆ ವಿಭಾಗವನ್ನು ನಡೆಸುತ್ತಿರುವವಳೂ ನೀನೇ. ಆದರೆ ಕಾಗದದ ಮೇಲೆ ನೀನು ‘ಪ್ರಭಾರ’. ಎಲ್ಲರಿಗಿಂತ ಮೊದಲು ಬಂದು ಓವನ್ ಹಚ್ಚುವುದು ಪ್ರಭಾರ, ಬೆಣ್ಣೆ ಸರಿಯಿಲ್ಲ ಎಂದು ಬೈಸಿಕೊಳ್ಳುವುದು ಪ್ರಭಾರ, ಏಳು ಜನರಿಗೆ ಕೆಲಸ ಕಲಿಸಿದ್ದೂ ಪ್ರಭಾರ.

ಭಾನುವಾರಗಳಂದು ನಿನ್ನ ಮನೆಗೆ ಊಟಕ್ಕೆ ಬರುತ್ತಿದ್ದೆ. ನೀನು ಬಡಿಸುತ್ತಾ ಅಡುಗೆಮನೆಯ ಕಥೆಗಳನ್ನು ಹೇಳುತ್ತಿದ್ದೆ. ನಾನು ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದೆ. ಒಂದು ಸಲ ನೀನು ನೋಡಿಬಿಟ್ಟೆ.

“ಏನೋ ಅದು, ಊಟದ ಹೊತ್ತಲ್ಲಿ ಬರೆಯೋದು?”

“ಏನಿಲ್ಲ, ನೀನು ಹೇಳು.”

ನೀನು ಹೇಳಿದೆ. ಆಮೇಲೆ ‘ನಮ್ಮ ಮನೆಯ ಫ್ರೆಂಚ್ ಕ್ರಾಂತಿ’ ಎಂಬ ತಲೆಬರಹದಡಿ ಅದು ಇಲ್ಲಿ ಅಚ್ಚಾಯಿತು. ನಿನ್ನ ಹೆಸರು ಹಾಕಲಿಲ್ಲ. ‘ದೊಡ್ಡ ಹೋಟೆಲೊಂದರ ಬೇಕರಿಯಲ್ಲಿರುವ ನನ್ನ ಅಕ್ಕ’ ಎಂದಷ್ಟೇ ಬರೆದು, ಗುಟ್ಟು ಕಾಪಾಡಿದೆ ಎಂದುಕೊಂಡೆ. ನನಗಿರುವುದು ಒಬ್ಬಳೇ ಅಕ್ಕ, ಊರಿಗಿರುವುದು ಒಂದೇ ದೊಡ್ಡ ಹೋಟೆಲು ಎಂಬ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ.

ಓವನ್ನಿನಲ್ಲಿ ಉಬ್ಬಿ ಏಳುವ ಸೂಫ್ಲೆ ಎಂಬ ತಿನಿಸಿಗೆ ನೀನು ‘ಸೌಫಲ್’ ಎನ್ನುವುದನ್ನು ಹಿಡಿದು, ಅದು ಉಬ್ಬಿದರೆ ಸಾಫಲ್ಯ, ಕುಸಿದರೆ ವೈಫಲ್ಯ ಎಂದು ಬರೆದೆ. ಕೀಶ್ ಎಂಬ ಮೊಟ್ಟೆಯ ಕಡುಬಿಗೆ ‘ಕ್ವಿಚ್ಚೆ’ ಎನ್ನುತ್ತೀಯೆಂದು, ತಿನ್ನುವುದೂ ಬಿಡುವುದೂ ಅವರವರ ಸ್ವಇಚ್ಛೆ ಎಂದೆ. ಬ್ರೆಡ್ಡಿಗೆ ಸವರುವ ಪಾಟೇಗೆ ‘ಪೇಟೆ’ ಎನ್ನುತ್ತೀಯೆಂದು, ನಮ್ಮಕ್ಕ ಬ್ರೆಡ್ಡಿನ ಮೇಲೆ ಇಡೀ ಪೇಟೆಯನ್ನೇ ಸವರುತ್ತಾಳೆ, ಬಸ್‌ಸ್ಟ್ಯಾಂಡ್ ಮಾತ್ರ ಅಂಚಿನಿಂದ ಆಚೆ ಬೀಳುತ್ತದೆ ಎಂದೆ. ಊಟಕ್ಕೆ ಮೊದಲು ಕೊಡುವ ಓರ್ಡರ್ವ್ ಎಂಬ ಚಿಲ್ಲರೆ ತಿನಿಸಿಗೆ ನೀನು ‘ಹಾರ್ಸ್ ಡೋವರು’ ಎಂದಾಗ ಅತಿಥಿಯೊಬ್ಬರು ಗಾಬರಿಯಾಗಿ, ಕುದುರೆಯನ್ನು ಎಲ್ಲಿ ಕಟ್ಟಿದ್ದೀರಿ ಎಂದು ಕೇಳಿದರೆಂದು ಬರೆದೆ. ಆ ಅತಿಥಿ ಹುಟ್ಟಿದ್ದು ನನ್ನ ಪೆನ್ನಿನಲ್ಲಿ. ಕೊನೆಗೆ ಒಂದು ಚೌಕಟ್ಟು ಹಾಕಿ, ಅದರೊಳಗೆ ಒಂಬತ್ತು ಪದಗಳ ‘ಸರಿಯಾದ ಉಚ್ಚಾರಣೆ’ಯನ್ನು ಘನಗಂಭೀರವಾಗಿ ಕೊಟ್ಟೆ. ಕ್ರೋಯಿಸ್ಸಾಂಟನ್ನು ‘ಕ್ವಾಸಾಂ’ ಎಂದು ತಿದ್ದಿ ಟಕಾರವನ್ನು ವಜಾ ಮಾಡಿದ್ದು ಆ ಚೌಕಟ್ಟಿನಲ್ಲೇ.

ಓದುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಪಾದಕರು ಬೆನ್ನು ತಟ್ಟಿದರು. ನೀನು ಮಾತ್ರ ಫೋನು ಮಾಡಲಿಲ್ಲ. ಮುಂದಿನ ಭಾನುವಾರ ಊಟಕ್ಕೆ ಕರೆಯಲೂ ಇಲ್ಲ. ಕೆಲಸ ಜಾಸ್ತಿ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಒಂದು ವರ್ಷ ಕಳೆದೆನಲ್ಲ, ನನ್ನ ದಪ್ಪ ಚರ್ಮಕ್ಕೆ ನೀನೇ ಏನಾದರೂ ಹೆಸರಿಡು.

ಮೂರು ವಾರದ ಹಿಂದೆ ನಿಮ್ಮ ಹೋಟೆಲಿನಲ್ಲಿ ಯಾವುದೋ ಕಂಪನಿಯವರ ಪತ್ರಿಕಾಗೋಷ್ಠಿ ಇತ್ತು. ಗೋಷ್ಠಿಯ ವಿಷಯ ನೆನಪಿಲ್ಲ, ಊಟ ನೆನಪಿದೆ. ಬಡಿಸುವವರೊಬ್ಬರು ನನ್ನ ಕಡೆ ಬಾಗಿ, ಬಹಳ ವಿನಯದಿಂದ “ಸಾರ್, ಮಿಲ್ ಫಾಯಿಲ್ ಕೊಡ್ಲಾ?” ಎಂದರು. ಪದರಪದರವಾದ ಆ ಸಿಹಿಗೆ ನೀನು ‘ಮಿಲ್ಲೆ ಫ್ಯೂಯಿಲ್ಲೆ’ ಎನ್ನುತ್ತೀಯ. ‘ಮಿಲ್ ಫಾಯಿಲ್’ ಎಂದು ಹೇಳಿಕೊಟ್ಟವನು ನಾನು.

“ಇದನ್ನ ಎಲ್ಲಿ ಕಲಿತ್ರಿ?” ಎಂದು ಕೇಳಿದೆ.

“ಟ್ರೇನಿಂಗಲ್ಲಿ ಸಾರ್. ಪೇಪರಲ್ಲಿ ಬಂದಿತ್ತಂತೆ.”

ನನ್ನ ಎದೆ ಓವನ್ನಿನಲ್ಲಿಟ್ಟ ಹಾಗೆ ಉಬ್ಬಿತು. ಇದನ್ನು ನಿನಗೆ ಹೇಳಿ ರೇಗಿಸೋಣ ಎಂದು ಎದ್ದು ಬಂದು, ಒದ್ದರೆ ತೆರೆದುಕೊಳ್ಳುವ ಆ ಅಡುಗೆಮನೆಯ ಬಾಗಿಲಿನ ಬಳಿ ನಿಂತೆ. ಒಳಗೆ, ತಟ್ಟೆಗಳನ್ನು ಹೊರಗೆ ದಾಟಿಸುವ ಕಿಟಕಿಯ ಹತ್ತಿರ, ನೀವೆಲ್ಲ ಸೈರನ್ ಎಂದು ಕರೆಯುವ ಆ ದಪ್ಪ ಮನುಷ್ಯ ಆರ್ಡರು ಚೀಟಿಗಳನ್ನು ಹಿಡಿದು ಕೂಗುತ್ತಿದ್ದರು. ಅವರು ಕೂಗಿದ್ದನ್ನು ಯಾರ ಕೆಲಸವೋ ಅವರು ಹಾಗೆಯೇ ತಿರುಗಿ ಕೂಗಬೇಕು, ತಿರುಗಿ ಬರದಿದ್ದರೆ ಕೇಳಿಸಿಲ್ಲವೆಂದು ಅರ್ಥ, ಆಗ ಅವರು ಇನ್ನೂ ಜೋರಾಗಿ ಕೂಗುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲ.

“ಎರಡು ಕ್ವಿಚ್ಚೆ! ನಾಲ್ಕು ಸೌಫಲ್!”

“ಎರಡು ಕ್ವಿಚ್ಚೇ! ನಾಲ್ಕು ಸೌಫಲ್!” ಎಂದು ಒಳಗಿನಿಂದ ಉತ್ತರ ಬಂತು.

ಎಲ್ಲವೂ ನಿನ್ನ ಪದಗಳು ಅಕ್ಕ. ಊಟದ ಹಾಲಿನಲ್ಲಿ ನನ್ನ ಚೌಕಟ್ಟು ನಡೆಯುತ್ತಿದ್ದರೂ ಬಾಗಿಲಿನ ಈಚೆಗೆ ನಿನ್ನದೇ ರಾಜ್ಯಭಾರ. ನಿನ್ನ ದನಿಗಾಗಿ ಕಾದೆ. ಚಿಕ್ಕವನಿದ್ದಾಗ ಬೀದಿಯ ಆ ತುದಿಯಲ್ಲಿ ಆಡುತ್ತಿದ್ದ ನನ್ನನ್ನು ಈ ತುದಿಯಿಂದ ಒಂದೇ ಕೂಗಿಗೆ ಮನೆಗೆ ಎಳೆದು ತರುತ್ತಿದ್ದ ಗಂಟಲು ಅದು.

“ಮೂರು ಮಿಲ್ಲೆ ಫ್ಯೂಯಿಲ್ಲೆ!” ಎಂದರು ಸೈರನ್.

ಟಕ್, ಟಕ್.

ನೀನು ಬೆನ್ನು ತಿರುಗಿಸಿ ನಿಂತಿದ್ದೆ. ಕೈಯಲ್ಲಿದ್ದ ಲಟ್ಟಣಿಗೆಯಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಿ, ಮತ್ತೆ ಹಿಟ್ಟಿನ ಕಡೆ ಬಗ್ಗಿದೆ. ಮುಂದಿನ ಆರ್ಡರಿಗೂ ಅದೇ. ಟಕ್, ಟಕ್. ನಾನು ಸೈರನ್ ಪಕ್ಕಕ್ಕೆ ಸರಿದು, ಅವಳಿಗೆ ಗಂಟಲು ಕೆಟ್ಟಿದೆಯೇ ಎಂದು ಮೆಲ್ಲಗೆ ಕೇಳಿದೆ.

“ಗಂಟಲಿಗೇನಾಗಿದೆ ಸಾರ್, ಕಲ್ಲಿನಂಗಿದೆ. ಅಕ್ಕ ಒಂದು ವರ್ಷದಿಂದ ಕೂಗಲ್ಲ. ಎರಡು ಸಲ ಕುಟ್ಟಿದ್ರೆ ಕೇಳಿಸ್ತು ಅಂತ ನಾನೇ ತಿಳ್ಕೋಬೇಕು.” ಆಮೇಲೆ ನನ್ನ ಮುಖವನ್ನು ಸರಿಯಾಗಿ ನೋಡಿದರು. “ಓಹೋ. ನೀವು ಅವರ ತಮ್ಮ ಅಲ್ವಾ? ಪೇಪರ್‌ನವರು? ಬನ್ನಿ, ಬನ್ನಿ. ನಿಮ್ಮ ಪ್ರತಾಪ ತೋರಿಸ್ತೀನಿ.”

ನೋಟಿಸು ಬೋರ್ಡಿನ ಮೇಲೆ, ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿ, ಹಲ್ಲು ಕಿಸಿಯುವ ನನ್ನ ಫೋಟೋ ಸಮೇತ ಆ ಅಂಕಣ ಇತ್ತು. ನಿನ್ನ ಪದಗಳಿಗೆ ಕೆಂಪು ಗೆರೆ, ನನ್ನವಕ್ಕೆ ಹಸಿರು ಸುತ್ತು. ಮೇಲೆ ನಿಮ್ಮ ತರಬೇತಿ ಅಧಿಕಾರಿಗಳ ಅಕ್ಷರದಲ್ಲಿ, ‘ಸಿಬ್ಬಂದಿಯ ಗಮನಕ್ಕೆ: ಹೀಗೆ ಹೇಳಬಾರದು, ಹೀಗೆ ಹೇಳಬೇಕು.’ ಹಾಸ್ಯವನ್ನು ಸುತ್ತೋಲೆ ಎಂದು ಓದಿಕೊಳ್ಳುವ ಮಹಾನುಭಾವರು ಇದ್ದಾರೆಂದು ಕೇಳಿದ್ದೆ. ಅವರ ಕೈಗೆ ನಾನೇ ಸಿಕ್ಕೆ, ನನ್ನ ಕೈಯಿಂದ ನೀನು.

ಕಳೆದ ವರ್ಷ ಮುಖ್ಯಸ್ಥರ ಆಯ್ಕೆಗೆ ಪರೀಕ್ಷೆ ನಡೆದದ್ದು ನನಗೆ ಗೊತ್ತೇ ಇರಲಿಲ್ಲ. ಸೈರನ್ ಹೇಳಿದರು. ಆರು ತಿನಿಸು ಮಾಡಿ ಟ್ರೇಯಲ್ಲಿ ಜೋಡಿಸಬೇಕಂತೆ, ಐದು ಜನರ ಮುಂದೆ ಅದೇ ಅಡುಗೆಮನೆಯಲ್ಲಿ ನಿಂತು ಒಂದೊಂದರ ಹೆಸರನ್ನೂ ಕೂಗಿ ಹೇಳಬೇಕಂತೆ.

“ಅಕ್ಕನ ಟ್ರೇ ನೋಡಿ ಅವರು ಪೆನ್ನು ಕೆಳಗಿಟ್ಟು ಫೋರ್ಕ್ ತಗೊಂಡ್ರು ಸಾರ್. ತಿಂದ್ರು. ಮತ್ತೆ ತಿಂದ್ರು. ಈಗ ಹೆಸರು ಹೇಳಮ್ಮ ಅಂದ್ರು. ಅಕ್ಕ ಈ ಬೋರ್ಡ್ ಕಡೆ ನೋಡಿದ್ರು. ಆಮೇಲೆ ಬೆರಳು ತೋರಿಸಿದ್ರು. ಇದು, ಇದು, ಇದು ಅಂತ. ಅಷ್ಟೇ. ಅಂಕದ ಹಾಳೆಲಿ ‘ಹೆಸರು ಹೇಳಲಿಲ್ಲ’ ಅಂತ ಬರೆದು ಎದ್ದುಹೋದ್ರು.”

ಆ ವರ್ಷ ಯಾರೂ ಆಯ್ಕೆಯಾಗಲಿಲ್ಲ. ನೀನು ಪ್ರಭಾರವಾಗಿಯೇ ಉಳಿದೆ. ನಾನು ಆ ವಾರ ಇಲ್ಲಿ ಏನು ಬರೆದಿದ್ದೆ ಎಂದು ಹಳೆಯ ಸಂಚಿಕೆ ತೆಗೆದು ನೋಡಿದೆ. ಕೊಡೆ ಕಳೆದುಕೊಂಡ ಬಗ್ಗೆ ಹಾಸ್ಯ ಬರೆದಿದ್ದೆ.

ನನಗೆ ಓದು ಕಲಿಸಿದ್ದು ಶಾಲೆಯ ಟೀಚರು ಎಂದು ನಾನು ಅಲ್ಲಲ್ಲಿ ಹೇಳಿಕೊಂಡಿದ್ದೇನೆ. ಸುಳ್ಳು. ನೀನು ಹದಿನೆಂಟಕ್ಕೆ ಬಿಸ್ಕತ್ತು ಕಾರ್ಖಾನೆಗೆ ಸೇರಿದಾಗ, ಸಂಜೆ ಮುರಿದ ಬಿಸ್ಕತ್ತುಗಳ ಜೊತೆ ಅಚ್ಚು ತಪ್ಪಿದ ಪೊಟ್ಟಣದ ಕಾಗದಗಳನ್ನೂ ತರುತ್ತಿದ್ದೆ. ಒಂದು ಸಾಲು ಓದಿದರೆ ಒಂದು ತುಂಡು. ನಾನು ಅವಸರದಲ್ಲಿ ಅರ್ಧ ಪದ ಹಾರಿಸಿದರೆ ನಿನ್ನ ಕೈ ಹಿಂದಕ್ಕೆ ಹೋಗುತ್ತಿತ್ತು. “ಪೂರ್ತಿ ಓದೋ. ಬರೆದವನು ಸುಮ್ಮನೆ ಬರೆದಿರ್ತಾನಾ? ಒಂದೊಂದು ಅಕ್ಷರಾನೂ ಕೈ ನೋಯಿಸ್ಕೊಂಡು ಬರೆದಿರ್ತಾನೆ.” ಯಾವ ಅಕ್ಷರಕ್ಕೂ ಅನ್ಯಾಯ ಮಾಡದೆ ಓದುವುದು ನಿನ್ನ ಸ್ವಭಾವ. ಫ್ರೆಂಚರು ಹತ್ತು ಅಕ್ಷರ ಬರೆದು ನಾಲ್ಕನ್ನು ಮಾತ್ರ ಉಚ್ಚರಿಸಿ ಉಳಿದದ್ದನ್ನು ಶೋಕಿಗೆ ಇಟ್ಟುಕೊಂಡಿದ್ದರೆ, ಅದು ಅವರ ಮನೆಯ ದುಂದುವೆಚ್ಚ.

ಅವತ್ತು ನಾನು ಪತ್ರಿಕಾಗೋಷ್ಠಿಗೆ ಮರಳಲಿಲ್ಲ. ನೇರವಾಗಿ ನಮ್ಮ ಕೆಳಗಿನ ಮನೆಯ ಮೇಷ್ಟ್ರ ಹತ್ತಿರ ಹೋದೆ. ಮೂವತ್ತು ವರ್ಷ ಫ್ರೆಂಚ್ ಪಾಠ ಮಾಡಿ ನಿವೃತ್ತರಾದವರು, ಈಗ ತೊಟ್ಟಿಗಿಡಗಳಿಗೆ ನೀರು ಹಾಕುತ್ತಾ ಅವಕ್ಕೂ ಕ್ರಿಯಾಪದ ಒಪ್ಪಿಸುತ್ತಾರೆ. ನನ್ನ ಯೋಜನೆ ಸರಳವಾಗಿತ್ತು: ಅವರಿಂದ ಆ ಒಂಬತ್ತು ಪದಗಳನ್ನು ನಿನಗೆ ಶುದ್ಧವಾಗಿ ಹೇಳಿಕೊಡಿಸುವುದು. ಅಂಕಣದ ಪ್ರತಿ ಕೊಟ್ಟೆ. ಅವರು ಕೆಂಪು ಪೆನ್ನು ತರಿಸಿದರು.

“ಇದೇನ್ರೀ, ಇದನ್ನ ಸರಿಯಾದದ್ದು ಅಂತ ಹಾಕಿದೀರಿ?”

“ಇಂಗ್ಲಿಷ್ ಅಡುಗೆ ಕಾರ್ಯಕ್ರಮದಲ್ಲಿ ಹೀಗೇ ಅಂತಾರೆ ಮೇಷ್ಟ್ರೇ.”

“ಅವರು ಅಂತಾರೆ. ಅವರು ಏನು ಬೇಕಾದ್ರೂ ಅಂತಾರೆ. ಇದು ನೋಡಿ, ತಣ್ಣನೆ ಆಲೂಗಡ್ಡೆ ಸೂಪು. ನೀವು ‘ವಿಶಿಸ್ವಾ’ ಅಂತ ಬರೆದಿದೀರಿ. ಕೊನೇಲಿ ‘ಝ್’ ಇದೆ ರೀ! ಫ್ರೆಂಚರೇ ಅದನ್ನ ಬಿಡಲ್ಲ. ಫ್ರೆಂಚರು ಕೊನೆ ಅಕ್ಷರ ನುಂಗ್ತಾರೆ ಅಂತ ಯಾರೋ ಇಂಗ್ಲಿಷಿನವರ ಕಿವೀಲಿ ಊದಿದ್ರು ನೋಡಿ, ಅವತ್ತಿಂದ ಅವರಲ್ಲಿ ಕೆಲವರು ಸಿಕ್ಕಿದ್ದನ್ನೆಲ್ಲ ನುಂಗ್ತಾ ಬಂದ್ರು. ಇನ್ನು ಕೆಲವರು ನುಂಗಲ್ಲ ಅಂತ ಹಟ ಹಿಡಿದ್ರು. ಮುಳ್ಳು ತೆಗೆದ ಮೀನಿನ ತುಂಡಿಗೆ ಒಬ್ಬರು ‘ಫಿಲೆಟ್’ ಅಂತಾರೆ, ಸಮುದ್ರದ ಆಚೆಯವರು ‘ಫಿಲೇ’ ಅಂತಾರೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗ್ತಾರೆ. ಇಬ್ಬರನ್ನೂ ನೋಡಿ ಫ್ರೆಂಚರು ನಗ್ತಾರೆ. ಮಧ್ಯೆ ನಿಮಗೇನ್ರೀ ಕೆಲಸ?”

ಅವರು ಕ್ರೋಯಿಸ್ಸಾಂಟನ್ನು ಫ್ರೆಂಚರ ಹಾಗೆ ಹೇಳಿ ತೋರಿಸಿದರು. ಅರ್ಧ ಗಂಟಲಿನಿಂದ, ಅರ್ಧ ಮೂಗಿನಿಂದ ಹೊರಟ ಅದನ್ನು ಬರೆದುಕೊಳ್ಳಲು ನಮ್ಮ ಲಿಪಿಯಲ್ಲಿ ಅಕ್ಷರ ಸಿಗಲಿಲ್ಲ, ನೆಗಡಿ ಸಿಕ್ಕಿದ್ದರೆ ಬರೆಯಬಹುದಿತ್ತು. ನಾನು ಹೇಳಿ ತೋರಿಸಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನ ಚೌಕಟ್ಟಿನ ಕೆಳಗೆ ಅಂಕ ಬರೆದು ಗೆರೆ ಎಳೆದರು: ಒಂಬತ್ತಕ್ಕೆ ಎರಡು.

“ಆ ಎರಡೂ ನಿಮ್ಮ ಸ್ವಂತದ್ದಲ್ಲ, ಅಚ್ಚಿನ ತಪ್ಪಿಂದ ಸರಿಯಾಗಿವೆ,” ಎಂದರು. “ನಿಮ್ಮ ಅಕ್ಕ ಅಕ್ಷರ ನೋಡಿ ಓದಿದಾರೆ, ನೀವು ಇನ್ನೊಬ್ಬರ ತಪ್ಪನ್ನ ಕಾಪಿ ಹೊಡೆದಿದೀರಿ. ನನ್ನ ತರಗತಿಲಿ ಆಗಿದ್ರೆ ಅವರನ್ನ ಕೂರಿಸಿ, ನಿಮ್ಮನ್ನ ನಿಲ್ಲಿಸ್ತಿದ್ದೆ.”

ಹಾಗಾಗಿ ನಿಂತುಕೊಂಡೇ ಹೇಳುತ್ತಿದ್ದೇನೆ ಅಕ್ಕ: ಅವತ್ತು ನಾನು ನಕ್ಕದ್ದು ತಪ್ಪು, ನಗಲು ಇಟ್ಟುಕೊಂಡಿದ್ದ ಆಧಾರವೂ ತಪ್ಪು. ನಿನ್ನ ಊಟ ಉಂಡು, ನಿನ್ನ ಮಾತನ್ನು ಕದ್ದು, ಊರಿಗೆ ಹಂಚಿದೆ. ಕ್ಷಮಿಸು. ಇದನ್ನು ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿಯಾಗಿ ಹಾಕೋಣ ಎಂದರು ಸಂಪಾದಕರು. ನಾನು ಒಪ್ಪಲಿಲ್ಲ. ನಕ್ಕದ್ದು ಎಷ್ಟು ಅಳತೆಯ ಜಾಗದಲ್ಲೋ ಕ್ಷಮೆಯೂ ಅಷ್ಟೇ ಅಳತೆಯದಾಗಿರಬೇಕು, ಇಲ್ಲದಿದ್ದರೆ ಅಂಕಣವೇ ಬೇಡ ಎಂದೆ. ಅವರು ನನ್ನನ್ನು ಹೀಗೆ ನೋಡಿಯೇ ಇರಲಿಲ್ಲ. ನಾನೂ ನೋಡಿರಲಿಲ್ಲ.

ಅಲ್ಲಿಗೇ ನಿಲ್ಲಲಿಲ್ಲ. ಮತ್ತೆ ನಿಮ್ಮ ಹೋಟೆಲಿಗೆ ಹೋಗಿ, ಆ ಅಂಕಣವನ್ನು ಬೋರ್ಡಿನಿಂದ ತೆಗೆಯಿರಿ ಎಂದು ತರಬೇತಿ ಅಧಿಕಾರಿಗಳನ್ನು ಕೇಳಿದೆ. ಬಿಸ್ಕತ್ತಿಗೆ ‘ಬಿಸ್ಕೇ’ ಎನ್ನುವ, ಟಿಕೆಟ್ಟಿಗೆ ‘ಟಿಕೇ’ ಎನ್ನುವ ಮನುಷ್ಯ.

“ಹೇಗೆ ತೆಗೆಯೋದು ಸಾರ್? ಅಚ್ಚಾಗಿದೆ. ನೀವೇ ಬರೆದಿದೀರಿ.”

“ಬರೆದವನೇ ತಪ್ಪು ಅಂತಿದೀನಲ್ಲ.”

“ಬಾಯಲ್ಲಿ ಅಂತಿದೀರಿ. ಅಚ್ಚಾಗಿ ಬರ್ಲಿ, ಅವತ್ತೇ ತೆಗೀತೀನಿ.”

ಮಾನ್ಯ ತರಬೇತಿ ಅಧಿಕಾರಿಗಳೇ, ಇಗೋ, ಅಚ್ಚಾಗಿದೆ. ನಿಮ್ಮ ಬೋರ್ಡಿಗೆ ಹೊಂದುವ ಅಳತೆಯಲ್ಲೇ ಇದೆ. ಆದರೆ ಇದನ್ನು ಅಲ್ಲಿ ಅಂಟಿಸುವ ಕಷ್ಟ ನಿಮಗೆ ಬೇಡ, ಏಕೆಂದರೆ ಅಲ್ಲಿ ಇರಬೇಕಾದ ಹಾಳೆ ಬೇರೆಯೇ ಇದೆ. ಅಕ್ಕ, ಇದನ್ನು ಗಮನವಿಟ್ಟು ಓದು. ನಾನು ಸೋತ ಮುಖ ಹಾಕಿಕೊಂಡು ಹೊರಟಾಗ ಸೈರನ್ ತಡೆದರು. ಸುತ್ತ ನೋಡಿ, ನನ್ನ ಅಂಕಣದ ಕೆಳಗಿನ ಎರಡು ಪಿನ್ನು ಕಿತ್ತು, ಅದನ್ನು ಪರದೆಯ ಹಾಗೆ ಎತ್ತಿ ಹಿಡಿದರು. ಅದರಡಿಯಲ್ಲಿ ಒಂದು ಹಳದಿ ಹಾಳೆ. ಪರೀಕ್ಷೆಯ ನಿಯಮಗಳು. ಹದಿನಾಲ್ಕು ತಿಂಗಳಿಂದ ನನ್ನ ಹಲ್ಲು ಕಿಸಿಯುವ ಮುಖ ಅದರ ಮೇಲೆ ಕೂತಿತ್ತು. ನಾಲ್ಕನೆಯ ನಿಯಮವನ್ನು ಅಕ್ಷರ ಬಿಡದೆ ಬರೆದುಕೊಂಡು ಬಂದಿದ್ದೇನೆ:

‘ಅಭ್ಯರ್ಥಿಯು ತಾನು ತಯಾರಿಸಿದ ಪ್ರತಿಯೊಂದು ತಿನಿಸನ್ನೂ, ಈ ಅಡುಗೆಮನೆಯಲ್ಲಿ ರೂಢಿಯಲ್ಲಿರುವ ಹೆಸರಿನಿಂದ, ಕೋಣೆಯ ಕೊನೆಗೆ ಕೇಳಿಸುವಂತೆ ಹೇಳತಕ್ಕದ್ದು.’

ಈ ಅಡುಗೆಮನೆಯಲ್ಲಿ ರೂಢಿಯಲ್ಲಿರುವ ಹೆಸರು! ಪ್ಯಾರಿಸ್ಸಿನಲ್ಲಿ ಏನನ್ನುತ್ತಾರೆ, ಇಂಗ್ಲಿಷಿನವರು ಎಷ್ಟು ನುಂಗುತ್ತಾರೆ, ಪತ್ರಿಕೆಯ ತಲೆಹರಟೆಯೊಬ್ಬ ಏನೆಂದು ಬರೆದ ಎಂಬ ಮಾತೇ ಅದರಲ್ಲಿ ಇಲ್ಲ. ಆ ಅಡುಗೆಮನೆಯ ರೂಢಿ ಏನು ಎಂದು ತಿಳಿಯಬೇಕಾದರೆ ಸೈರನ್ ಒಂದು ಸಲ ಕೂಗಿದರೆ ಸಾಕು, ನೀನು ಕಲಿಸಿದ ಏಳು ಜನ ಉತ್ತರ ಕೊಡುತ್ತಾರೆ.

ಪರೀಕ್ಷೆ ಮತ್ತೆ ಈ ಗುರುವಾರ ಇದೆ. ನೀನು ಹೋಗುವುದಿಲ್ಲ ಎನ್ನುತ್ತಿದ್ದೀಯಂತೆ. ಮೊನ್ನೆ ಫೋನಿನಲ್ಲಿ ನಿಮ್ಮತ್ತೆ ಹೇಳಿದರು. ಮೊದಲು ಎಂದಿನಂತೆ ನನಗೆ ಮಂಗಳಾರತಿ. “ನಿನ್ನ ಬರಹ ಓದಿ ಓದೀನೇ ನನ್ನ ಕಣ್ಣು ಕೆಟ್ಟಿದ್ದು ಕಣಪ್ಪಾ.” ಆಮೇಲೆ ದನಿ ತಗ್ಗಿಸಿದರು. “ಅವಳು ಈ ಸಲ ಪರೀಕ್ಷೆಗೆ ನಿಲ್ಲಲ್ಲ ಅಂತಾಳೆ. ಎರಡೆರಡು ಗಂಟೆಗೆ ನನ್ನ ಕಣ್ಣಿಗೆ ಹನಿ ಹಾಕೋರು ಯಾರು, ನನ್ನ ಮಗನಿಗೆ ಅವತ್ತು ಬೇರೆ ಊರಿಗೆ ಬಸ್ಸು ಓಡಿಸೋ ಪಾಳಿ, ರಜೆ ಹಾಕ್ತೀನಿ ಅಂತಾಳೆ. ನನಗೆ ಕಣ್ಣು ಕಾಣಲ್ಲ ನಿಜ. ನೆಪ ಕಾಣುತ್ತೆ.”

ಇಂಥ ಅತ್ತೆಯ ಮುಂದೆ ನೆಪ ಹೇಳುವ ನಿನ್ನ ಧೈರ್ಯದಲ್ಲಿ ಕಾಲುಭಾಗ ಗುರುವಾರ ತೋರಿಸಿದರೆ ಸಾಕು.

ನೀನು ಹೋಗುತ್ತೀಯ. ಇದು ಸಲಹೆಯಲ್ಲ, ಈ ಜನ್ಮದಲ್ಲಿ ಮೊದಲ ಬಾರಿಗೆ ನಾನು ನಿನಗೆ ಕೊಡುತ್ತಿರುವ ಅಪ್ಪಣೆ. ಹೋಗಿ ಟ್ರೇ ಇಟ್ಟು, ಆ ಐವರ ಮುಖ ನೋಡಿ, ಬೀದಿಯ ತುದಿಗೆ ಕೇಳುವ ಆ ದನಿಯಲ್ಲಿ ಆರೂ ಹೆಸರು ಹೇಳು. ನೀನು ಹೇಗೆ ಹೇಳುತ್ತೀಯೋ ಹಾಗೆ. ನನ್ನಿಂದ ಒಂದಕ್ಷರ ತಿದ್ದಿಸಿಕೊಳ್ಳಬೇಡ, ಮೇಷ್ಟ್ರಿಂದಲೂ ಬೇಡ. ಯಾರಾದರೂ ನಕ್ಕರೆ ನಾಲ್ಕನೆಯ ನಿಯಮ ಓದಿ ಎನ್ನು. ಆಯ್ಕೆ ಆಗುತ್ತೀಯೋ ಇಲ್ಲವೋ, ಅದು ಅವರ ನಾಲಿಗೆಗೆ ಬಿಟ್ಟದ್ದು. ಆದರೆ ನಿನ್ನ ಹಾಳೆಯ ಮೇಲೆ ‘ಹೆಸರು ಹೇಳಲಿಲ್ಲ’ ಎಂದು ಇನ್ನೊಮ್ಮೆ ಯಾರೂ ಬರೆಯಬಾರದು. ನಾನು ಬದುಕಿರುವ ತನಕ ಬರೆಯಬಾರದು.

ಕಣ್ಣಿನ ಹನಿಯ ಚಿಂತೆ ನಿನಗೆ ಬೇಡ. ಗುರುವಾರ ರಜೆ ಹಾಕಿದ್ದೇನೆ. ಕಣ್ಣಿನ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಹೋಗಿ ರೆಪ್ಪೆ ಹೇಗೆ ಕೆಳಗೆಳೆಯಬೇಕು, ಹನಿ ಹಾಕಿದ ಮೇಲೆ ಎಷ್ಟು ಹೊತ್ತು ಕಣ್ಣು ಮುಚ್ಚಿರಬೇಕು ಎಂದು ಕಲಿತು ಬಂದಿದ್ದೇನೆ. ನನ್ನ ಕಣ್ಣಿನ ಮೇಲೇ ನೀರು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ. ನಡುವೆ ನಿಮ್ಮತ್ತೆಯಿಂದ ಬೈಸಿಕೊಳ್ಳುತ್ತೇನೆ, ಪದಬಂಧ ಓದಿ ಹೇಳುತ್ತೇನೆ. ಪೂರ್ತಿ ಓದುತ್ತೇನೆ.

ಗುರುವಾರ ನಿನ್ನ ಹಿಟ್ಟು ಮಾತು ಕೇಳಲಿ, ಬೆಣ್ಣೆ ಕೈಕೊಡದಿರಲಿ, ಆ ದಿನ ಆ ಅಡುಗೆಮನೆಯಲ್ಲಿ ನಿನ್ನ ದನಿಯೇ ಎಲ್ಲಕ್ಕಿಂತ ಎತ್ತರವಾಗಿರಲಿ.

ನಿನ್ನ ಕೈತುತ್ತಿಗೆ ಎರಡು ಬಗೆದು, ಈಗ ಸಾಲಿನ ಕೊನೆಯಲ್ಲಿ ಬಂದು ನಿಂತಿರುವ
ನಿನ್ನ ತಮ್ಮ

ಮರೆತಿದ್ದೆ: ನಿಮ್ಮತ್ತೆ ಇನ್ನು ಎರಡು ವಾರ ಬಗ್ಗಬಾರದಂತೆ, ನಿಮ್ಮ ಬಾಗಿಲಿನ ಚಿಲಕ ನೋಡಿದರೆ ಕೆಳಗಿದೆ, ನಾನು ಬಂದಾಗ ಅವರು ಬಗ್ಗಿ ಅದನ್ನು ತೆಗೆಯುವುದು ಬೇಡ. ಬೆಳಿಗ್ಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕಿ, ಕೀಲಿಕೈಯನ್ನು ಎದುರು ಮನೆಯವರ ಹತ್ತಿರ ನನ್ನ ಹೆಸರು ಹೇಳಿ ಕೊಟ್ಟು ಹೋಗು.